ಬಡಿಯೋದಲ್ಲ, ಬಡಿಸೋದು: ಪ್ಯಾಡೆಲ್‌ನಲ್ಲಿ ನಾನು ತಡವಾಗಿ ಕಲಿತ ಒಂದು ಹೊಡೆತ

ಆ ಶನಿವಾರ ಬೆಳಗ್ಗೆ ಚೆಂಡು ಬಡಿದದ್ದು ನಮ್ಮ ಭಾವನ ಎದೆಗೆ. ಹೊಡೆದವನು ಎದುರಾಳಿ. ಆದರೆ ಹೊಡೆಸಿದವನು ನಾನೇ.

ತಲೆಯ ಮೇಲೆ ಎತ್ತರಕ್ಕೆ ಬಂದ ಚೆಂಡನ್ನು ಕೋರ್ಟ್‌ನ ನಡುವಿನಿಂದ, ಹಿಂದಕ್ಕೆ ವಾಲಿಕೊಂಡೇ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಸ್ಮ್ಯಾಶ್ ಮಾಡಿದ್ದೆ. ಸದ್ದು ಚೆನ್ನಾಗಿ ಬಂತು. ಚೆಂಡು ಆ ಕಡೆ ನೆಲಕ್ಕೆ ಪುಟಿದು, ಹಿಂದಿನ ಗಾಜಿಗೆ ಬಡಿದು, ಎದುರಾಳಿಯ ಮುಂದೆ ಸೊಂಟದೆತ್ತರಕ್ಕೆ ಆರಾಮಾಗಿ ಬಂದು ನಿಂತಿತು. ನಾನಿನ್ನೂ ಹಿಂದೆ ಸಮತೋಲನ ಹುಡುಕ್ತಾ ಇದ್ದೆ. ನೆಟ್ ಹತ್ತಿರ ಭಾವ ಒಬ್ಬರೇ. ಅವನು ಬೀಸಿದ. ಭಾವ ತಪ್ಪಿಸಿಕೊಳ್ಳಲು ತಿರುಗಿದರು, ಚೆಂಡು ಎದೆಗೆ ಬಿತ್ತು, ಬಲ ಮಂಡಿ ಉಳುಕಿತು.

"ಏನಿಲ್ಲ ಬಿಡು" ಅಂದರು. ಬೆಂಚ್ ಮೇಲೆ ಕೂತು ಮಂಡಿಗೆ ನೀರಿನ ಬಾಟಲಿ ಒತ್ತಿಕೊಂಡರು. ಮನೆಗೆ ಬಿಡುವಾಗ ಕಾರಿನಲ್ಲಿ ಒಂದೇ ಮಾತು: "ಮಾರಾಯ, ನೀನು ಹೊಡೆಯುವಾಗ ನಾನು ಎಲ್ಲಿದೀನಿ ಅಂತ ಒಂದ್ಸಲನಾದ್ರೂ ನೋಡಿದೀಯಾ?"

ಸಂಜೆ ಅಕ್ಕನ ಫೋನ್. "ಡಾಕ್ಟರ್ ಮೂರು ವಾರ ರೆಸ್ಟ್ ಹೇಳಿದಾರೆ. ಆಮೇಲೂ ಬರಲ್ವಂತೆ ನಿನ್ನ ಭಾವ. ಏನಾಯ್ತೋ ನಿಮ್ಮಿಬ್ಬರಿಗೆ?"

ನನಗೆ ಉತ್ತರ ಹೊಳೆಯಲಿಲ್ಲ.

ನಾಲ್ಕನೆಯವರು ಬೇಕಿತ್ತು

ಅಕ್ಕನ ಮದುವೆಯಾಗಿ ಒಂಬತ್ತು ವರ್ಷ. ಭಾವ ತೀರ್ಥಹಳ್ಳಿ ಕಡೆಯವರು, ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ, ವಯಸ್ಸು ನಲವತ್ತಾರು. ಒಳ್ಳೆಯವರು. ಆದರೆ ಎಂಟು ವರ್ಷ ನಮ್ಮಿಬ್ಬರ ನಡುವೆ ನಡೆದದ್ದು "ಊಟ ಆಯ್ತಾ", "ಆಫೀಸ್ ಹೇಗಿದೆ", "ಟ್ರಾಫಿಕ್ ಇತ್ತಾ" ಇಷ್ಟೇ. ಹಬ್ಬಕ್ಕೆ ಹೋದರೆ ಅವರು ಪೇಪರ್ ಹಿಡಿಯೋರು, ನಾನು ಫೋನ್ ಹಿಡಿಯೋನು.

ಕಳೆದ ವರ್ಷ ಆಫೀಸಿನ ನಾವು ಮೂವರು ಪ್ಯಾಡೆಲ್ ಶುರು ಮಾಡಿದೆವು. ಅದು ಇಬ್ಬರು ಇಬ್ಬರು ಸೇರಿ ಆಡುವ ಆಟ, ನಾಲ್ಕು ಜನ ಬೇಕೇ ಬೇಕು. ಒಂದು ಶನಿವಾರ ನಾಲ್ಕನೆಯವನು ಕೊನೇ ಗಳಿಗೆಯಲ್ಲಿ ಕೈಕೊಟ್ಟ. ಕಾಲೇಜಿನಲ್ಲಿ ಶಟಲ್ ಆಡಿದ್ದ ಭಾವನಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಂದರು. ಆಮೇಲೆ ಪ್ರತಿ ಶನಿವಾರ ಬಂದರು. ಆಟ ಮುಗಿದ ಮೇಲೆ ಇಡ್ಲಿ ವಡೆ, ಕಾಫಿ. ಅವರ ಬ್ಯಾಂಕಿನ ಕಥೆಗಳು, ನಾನು ಕೆಲಸ ಬದಲಾಯಿಸಬೇಕಾ ಬೇಡವಾ ಅನ್ನುವ ಗೊಂದಲ, ಅವರ ಅಪ್ಪನ ತೋಟ ಮಾರುವ ವಿಚಾರ, ಎಲ್ಲ ಆ ಮೇಜಿನ ಮೇಲೇ ಬಂದವು.

ಹಾಗಾಗಿ "ಇನ್ನು ಬರಲ್ಲ" ಅಂದಾಗ ನಾನು ಕಳೆದುಕೊಂಡದ್ದು ಬರೀ ಒಬ್ಬ ಜೊತೆಗಾರನನ್ನಲ್ಲ.

ಗಾಜಿನ ಪೆಟ್ಟಿಗೆಯೊಳಗಿನ ಆಟ

ಪ್ಯಾಡೆಲ್ ನೋಡಿಲ್ಲದವರಿಗೆ ಎರಡು ಮಾತು. ಟೆನಿಸ್ ಮತ್ತು ಸ್ಕ್ವಾಶ್ ಸೇರಿಸಿದಂಥ ಆಟ. ಕೋರ್ಟ್ 20 ಮೀಟರ್ ಉದ್ದ, 10 ಮೀಟರ್ ಅಗಲ. ಹಿಂದಿನ ಗೋಡೆ 3 ಮೀಟರ್ ಎತ್ತರ, ಹೆಚ್ಚಾಗಿ ಗಾಜಿನದು. ಅದರ ಮೇಲೆ ಇನ್ನೊಂದು ಮೀಟರ್ ಜಾಲರಿ. ನೆಟ್ ನಡುವೆ 88 ಸೆಂಟಿಮೀಟರ್, ಕಂಬದ ಹತ್ತಿರ 92. ರಾಕೆಟ್‌ಗೆ ತಂತಿ ಇರಲ್ಲ, ತೂತುಗಳಿರುವ ಗಟ್ಟಿ ಹಲಗೆಯಂತಿರುತ್ತೆ. ಅಂಕದ ಲೆಕ್ಕ ಟೆನಿಸ್‌ನದ್ದೇ.

1969ರಲ್ಲಿ ಮೆಕ್ಸಿಕೋದ ಅಕಾಪುಲ್ಕೋದಲ್ಲಿ ಎನ್ರಿಕೆ ಕೊರ್ಕುಎರಾ ಎಂಬವರು ತಮ್ಮ ಮನೆಯಲ್ಲಿ ಕಟ್ಟಿಸಿದ ಕೋರ್ಟ್‌ನಿಂದ ಈ ಆಟ ಶುರುವಾಯಿತು. ಅವರ ಗೆಳೆಯ ಅಲ್ಫೋನ್ಸೋ ಡಿ ಹೋಹೆನ್‌ಲೋಹೆ ಅದನ್ನು ಸ್ಪೇನ್‌ನ ಮಾರ್ಬೆಲ್ಲಾಕ್ಕೆ ತಂದರು. ಅಲ್ಲಿಂದ ಸ್ಪೇನ್, ಅರ್ಜೆಂಟೀನಾಗಳಲ್ಲಿ ಮನೆಮಾತಾಯಿತು. ಅದಕ್ಕೇ ಹೊಡೆತಗಳ ಹೆಸರೆಲ್ಲ ಸ್ಪ್ಯಾನಿಷ್‌ನಲ್ಲಿವೆ.

ಒಂದು ನಿಯಮವನ್ನು ಮಾತ್ರ ನೆನಪಿಟ್ಟುಕೊಳ್ಳಿ, ಈ ಇಡೀ ಬರಹ ಅದರ ಮೇಲೆ ನಿಂತಿದೆ. ಚೆಂಡು ಎದುರಾಳಿಯ ನೆಲಕ್ಕೆ ಒಮ್ಮೆ ಪುಟಿದು ಗಾಜಿಗೆ ಬಡಿದರೂ ಆಟ ಮುಗಿಯಲ್ಲ. ಎರಡನೇ ಸಲ ನೆಲಕ್ಕೆ ಬೀಳುವವರೆಗೆ ಅವರು ಅದನ್ನು ವಾಪಸ್ ಹೊಡೆಯಬಹುದು.

ಶಟಲ್ ಆಡಿ ಬೆಳೆದ ನನ್ನಂಥವರಿಗೆ ಇದು ಅರ್ಥವಾಗಲು ವರ್ಷ ಬೇಕು. ಶಟಲ್‌ನಲ್ಲಿ ಜೋರಾಗಿ ಕೆಳಗೆ ಹೊಡೆದದ್ದು ನೆಲ ಮುಟ್ಟಿದರೆ ಕಥೆ ಮುಗೀತು. ಪ್ಯಾಡೆಲ್‌ನಲ್ಲಿ ನೆಲ ಮುಟ್ಟಿದ ಮೇಲೆ ಕಥೆ ಶುರು.

ನಾನೇ ನನ್ನ ಲೆಕ್ಕ ತೆಗೆದೆ

ಭಾವ ಇಲ್ಲದ ಮೊದಲ ಶನಿವಾರ ಬೇರೆ ಒಬ್ಬನ ಜೊತೆ ಆಡಿದೆ. ಫೋನನ್ನು ಗಾಜಿನ ಹಿಂದೆ ನಿಲ್ಲಿಸಿ ಒಂದು ಗಂಟೆ ರೆಕಾರ್ಡ್ ಮಾಡಿದೆ. ರಾತ್ರಿ ಕೂತು ನೋಡಿದೆ. ನನ್ನ ತಲೆಯ ಮೇಲೆ ಬಂದ ಚೆಂಡುಗಳು 31. ಎಲ್ಲವನ್ನೂ ಸ್ಮ್ಯಾಶ್ ಮಾಡಿದ್ದೆ. ನೇರವಾಗಿ ಪಾಯಿಂಟ್ ಬಂದದ್ದು 4. ನೆಟ್‌ಗೆ ಅಥವಾ ಹೊರಗೆ ಹೋದದ್ದು 9. ಉಳಿದ 18 ವಾಪಸ್ ಬಂದವು, ಅದರಲ್ಲಿ 13 ಪಾಯಿಂಟ್ ಸೋತಿದ್ದೆ. ಅಂದರೆ 31ರಲ್ಲಿ 22 ನಷ್ಟ.

ನನ್ನ ನೆನಪಿನಲ್ಲಿ ಉಳಿದಿದ್ದು ಮಾತ್ರ ಆ ನಾಲ್ಕು.

ಇನ್ನೊಂದು ಕಂಡಿತು. ನಮ್ಮ ಎದುರಾಳಿಗಳಲ್ಲಿ ಒಬ್ಬಳು ಟೆಸ್ಟಿಂಗ್ ತಂಡದ ಗೆಳತಿ. ಅವಳ ಕೈಯಲ್ಲಿ ಜೋರು ಕಡಿಮೆ, ಆದರೆ ಲಾಬ್ ಎತ್ತುವುದರಲ್ಲಿ ನಿಸ್ಸೀಮಳು. ನಾವು ನೆಟ್‌ಗೆ ಬಂದ ಕೂಡಲೇ ತಲೆ ಮೇಲೆ ಒಂದು ಎತ್ತುತ್ತಾಳೆ. ನಾನು ಹೊಡೆಯುತ್ತೇನೆ ಅಂತ ಅವಳಿಗೆ ಗೊತ್ತು. ಗಾಜಿನಿಂದ ವಾಪಸ್ ಬರುತ್ತೆ ಅಂತಾನೂ ಗೊತ್ತು. ವಿಡಿಯೋದಲ್ಲಿ ಅವಳು ಲಾಬ್ ಎತ್ತಿದ ಮೇಲೆ ಒಂದೆರಡು ಹೆಜ್ಜೆ ಮುಂದೆ ಬಂದು ಕಾಯುತ್ತಾ ನಿಂತಿದ್ದಳು. ಟೆಸ್ಟರ್ ಅಲ್ವಾ, ನನ್ನೊಳಗಿನ ಬಗ್ ಅವಳಿಗೆ ಯಾವತ್ತೋ ಸಿಕ್ಕಿತ್ತು.

ಟ್ರೇ ಹಿಡಿದ ಕೈ

ಮರುದಿನವೇ ಕ್ಲಬ್ಬಿನ ಕೋಚ್ ಹತ್ತಿರ ಬುಧವಾರ ಸಂಜೆಯ ಕ್ಲಾಸ್ ಹಿಡಿದೆ. "ನನ್ನ ಸ್ಮ್ಯಾಶ್ ಸರಿ ಮಾಡಿ ಸಾರ್" ಅಂದೆ. ಅವರು ವಿಡಿಯೋ ಎರಡು ನಿಮಿಷ ನೋಡಿ, "ಸ್ಮ್ಯಾಶ್ ಸರಿಯಾಗೇ ಇದೆ. ನೀವು ಅದನ್ನ ಹೊಡೀತಿರೋ ಜಾಗ ಸರಿ ಇಲ್ಲ" ಅಂದರು.

ಆಮೇಲೆ ಕೋರ್ಟ್‌ನ ತಮ್ಮ ಕಡೆಯ ಅರ್ಧವನ್ನು ಕಾಲಿನಿಂದ ಮೂರು ಭಾಗ ಮಾಡಿ ತೋರಿಸಿದರು. ನೆಟ್‌ನಿಂದ ಸುಮಾರು ಮೂರು ಮೀಟರ್ ಒಳಗೆ, ಗಿಡ್ಡ ಲಾಬ್ ಬಿದ್ದರೆ ಸ್ಮ್ಯಾಶ್ ಮಾಡಿ. ಅಲ್ಲಿಂದ ಹೊಡೆದರೆ ಚೆಂಡು ಎತ್ತರಕ್ಕೆ ಪುಟಿದು ಗೋಡೆಯಾಚೆ ಹಾರಬಹುದು, ಅಥವಾ ಗಾಜಿಗೆ ಬಡಿದು ನೆಟ್ ದಾಟಿ ನಮ್ಮ ಕಡೆಗೇ ಬರಬಹುದು. ಅಲ್ಲಿಂದ ಸರ್ವಿಸ್ ಗೆರೆಯವರೆಗೆ, ಅಂದರೆ ನೆಟ್‌ನಿಂದ 6.95 ಮೀಟರ್‌ವರೆಗೆ, ಬಂದೇಹಾ. ಅದಕ್ಕಿಂತ ಹಿಂದೆ ಬೀಳುವ ಲಾಬ್‌ಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡಿ. ನಮ್ಮ ಗಾಜಿಗೆ ಬಡಿದು ಬಂದ ಮೇಲೆ ಆಡಿ. ನೆಟ್ ಹತ್ತಿರದ ಜಾಗ ಹೋಗುತ್ತೆ, ಪಾಯಿಂಟ್ ಹೋಗಲ್ಲ.

ನನ್ನ 31ರಲ್ಲಿ ಬಹುಪಾಲು ಬಿದ್ದದ್ದು ಆ ಮಧ್ಯದ ಭಾಗದಲ್ಲಿ.

ಬಂದೇಹಾ ಅಂದರೆ ಸ್ಪ್ಯಾನಿಷ್‌ನಲ್ಲಿ ಟ್ರೇ, ತಟ್ಟೆ. ರಾಕೆಟ್ ಹಿಡಿದ ಕೈ ಭುಜದ ಮೇಲೆ ಮಡಚಿಕೊಂಡು ನಿಲ್ಲುವ ರೀತಿ, ಹೋಟೆಲ್ ಸಪ್ಲೈಯರ್ ಜನರ ತಲೆಗಳ ಮೇಲಿಂದ ಟ್ರೇ ತರುವ ಹಾಗೆ ಕಾಣುತ್ತೆ. ಹೆಸರು ಅಲ್ಲಿಂದ ಬಂತು. ಇದು ತಲೆಯ ಮೇಲಿನ ಚೆಂಡಿಗೆ ಕೊಡುವ ರಕ್ಷಣೆಯ ಉತ್ತರ. ಪಾಯಿಂಟ್ ಮುಗಿಸುವ ಆಸೆ ಇದಕ್ಕಿಲ್ಲ. ನಮ್ಮಿಬ್ಬರನ್ನೂ ನೆಟ್ ಹತ್ತಿರವೇ ಉಳಿಸೋದು, ಅವರಿಬ್ಬರನ್ನೂ ಹಿಂದಿನ ಗಾಜಿನ ಹತ್ತಿರವೇ ಇಡೋದು, ಇದರ ಕೆಲಸ ಅಷ್ಟೇ. ಪ್ಯಾಡೆಲ್‌ನಲ್ಲಿ ನೆಟ್ ಹಿಡಿದವರ ಕೈ ಮೇಲು.

ಜೋರು ಯಾಕೆ ಬೇಡ ಅನ್ನೋದಕ್ಕೆ ಕೋಚ್ ಒಂದೇ ಪ್ರಯೋಗ ಮಾಡಿದರು. ನನ್ನನ್ನು ಸರ್ವಿಸ್ ಗೆರೆಯ ಹತ್ತಿರ ನಿಲ್ಲಿಸಿ ಒಂದು ಸ್ಮ್ಯಾಶ್ ಹೊಡೆಸಿದರು. ಗಾಜಿನಿಂದ ಬಂದ ಚೆಂಡು ಎರಡನೇ ಸಲ ನೆಲಕ್ಕೆ ಬೀಳುವ ಹೊತ್ತಿಗೆ ಅವರ ಕೋರ್ಟ್‌ನ ಮಧ್ಯಕ್ಕೆ ಬಂದಿತ್ತು. ಆಮೇಲೆ ಅಲ್ಲಿಂದಲೇ ಅರ್ಧ ವೇಗದಲ್ಲಿ, ಸ್ವಲ್ಪ ಸವರಿ, ತಾವೊಂದು ಹೊಡೆದು ತೋರಿಸಿದರು. ಅದು ಗಿಡ್ಡಕ್ಕೆ ಪುಟಿದು, ಗಾಜಿನ ಬುಡಕ್ಕೆ ತಾಗಿ, ಅಲ್ಲೇ ಎರಡು ಹೆಜ್ಜೆಯೊಳಗೆ ಬಿತ್ತು. "ಇದನ್ನ ಎತ್ತಬೇಕಾದ್ರೆ ಮೊಣಕಾಲು ಬಗ್ಗಿಸಿ ಒದ್ದಾಡಬೇಕು. ಅದನ್ನ ಎತ್ತೋದು ನನ್ನ ಮಗಳಿಗೂ ಬರುತ್ತೆ."

ನಾವು ಹಾಕಿದ ಶಕ್ತಿಯನ್ನು ಗಾಜು ಎದುರಾಳಿಗೇ ಕೊಡುತ್ತೆ. ಇಷ್ಟು ಸರಳ ವಿಷಯ ಇಂಜಿನಿಯರಿಂಗ್ ಓದಿದ ತಲೆಗೆ ಒಂದು ವರ್ಷ ಹತ್ತಿರಲಿಲ್ಲ.

ಹೊಡೆತದ ಐದು ತುಂಡು

ಕೋಚ್ ಕಲಿಸಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಬಲಗೈ ಆಟಗಾರರ ಲೆಕ್ಕ ಇದು. ಎಡಗೈಯವರು ತಿರುಗಿಸಿಕೊಳ್ಳಿ.

ಮೊದಲು ಹಿಡಿತ. ಹೊಸಬರು ರಾಕೆಟ್ಟನ್ನು ದೋಸೆ ಮಗುಚುವ ಕೈ ಹಿಡಿದ ಹಾಗೆ, ಮುಖ ನೇರವಾಗಿ ಎದುರಿಗೆ ಬರುವಂತೆ ಹಿಡೀತಾರೆ. ಅದರಲ್ಲಿ ಚೆಂಡನ್ನು ಸವರಲು ಆಗಲ್ಲ. ಸುತ್ತಿಗೆ ಹಿಡಿದ ಹಾಗೆ, ಅಂಚು ಎದುರಿಗೆ ಬರುವಂತೆ ಹಿಡಿಯಬೇಕು. ಇದಕ್ಕೆ ಕಾಂಟಿನೆಂಟಲ್ ಗ್ರಿಪ್ ಅಂತಾರೆ.

ಎರಡನೆಯದು ತಿರುಗೋದು. ಲಾಬ್ ಎದುರಾಳಿಯ ರಾಕೆಟ್ ಬಿಟ್ಟ ಕೂಡಲೇ ಮೈ ಪಕ್ಕಕ್ಕೆ ತಿರುಗಬೇಕು, ಎಡ ಭುಜ ನೆಟ್ ಕಡೆ. ಅದೇ ಹೊತ್ತಿಗೆ ರಾಕೆಟ್ ಮೇಲೆ, ಮೊಣಕೈ ಭುಜದ ಮಟ್ಟದಲ್ಲಿ. ಎಡಗೈ ಚೆಂಡಿನ ಕಡೆ ತೋರಿಸುತ್ತಿರಬೇಕು. ಹಿಂದೆ ಹೋಗುವಾಗ ಅಡ್ಡ ಹೆಜ್ಜೆ. ನೆಟ್‌ಗೆ ಮುಖ ಮಾಡಿಕೊಂಡೇ ಹಿಮ್ಮುಖವಾಗಿ ಓಡಿದರೆ ಎಡವಿ ಬೀಳೋದು ಗ್ಯಾರಂಟಿ. ನಾನು ಎರಡು ಸಲ ಬಿದ್ದಿದ್ದೇನೆ.

ಮೂರನೆಯದು ಚೆಂಡು ಸಿಗುವ ಜಾಗ. ಸ್ಮ್ಯಾಶ್‌ನಲ್ಲಿ ಕೈ ಪೂರ್ತಿ ಚಾಚಿ ತಲೆಯ ಮೇಲೆ ಹೊಡೀತೀವಿ. ಬಂದೇಹಾದಲ್ಲಿ ಚೆಂಡು ಇನ್ನೂ ಸ್ವಲ್ಪ ಇಳಿಯಲು ಬಿಡಬೇಕು. ಹೆಚ್ಚುಕಡಿಮೆ ಕಣ್ಣಿನ ಮಟ್ಟದಲ್ಲಿ, ಮೈಯಿಂದ ಸ್ವಲ್ಪ ದೂರ, ಸ್ವಲ್ಪ ಮುಂದೆ ಸಿಗಬೇಕು. ಕಾಲು ನಿಧಾನವಾದರೆ ಚೆಂಡು ತಲೆಯ ಹಿಂದೆ ಹೋಗುತ್ತೆ, ಆಗ ಕೈ ಏನು ಮಾಡಿದರೂ ಪ್ರಯೋಜನವಿಲ್ಲ.

ನಾಲ್ಕನೆಯದು ಸವರುವಿಕೆ. ರಾಕೆಟ್‌ನ ಮುಖ ಚೂರು ಮೇಲಕ್ಕೆ ತೆರೆದಿರಲಿ. ಮೇಲಿನಿಂದ ಕೆಳಕ್ಕೆ, ಮುಂದಕ್ಕೆ, ಚೆಂಡಿನ ಬೆನ್ನು ಸವರಿಕೊಂಡು ಹೋಗಲಿ. ಮಣಿಕಟ್ಟು ಗಟ್ಟಿ. ಶಟಲ್‌ನವರಿಗೆ ಕಷ್ಟವಾಗೋದು ಇಲ್ಲೇ, ನಮ್ಮ ಮಣಿಕಟ್ಟು ತಾನಾಗೇ ಚಟಕ್ ಅನ್ನುತ್ತೆ. ಈ ಸವರಿಕೆಯಿಂದಲೇ ಚೆಂಡು ಗಿಡ್ಡಕ್ಕೆ ಪುಟಿಯೋದು, ಗಾಜಿನಿಂದ ಮೇಲೇಳದೆ ಕೆಳಗಿಳಿಯೋದು. ವೇಗ ನಿಮ್ಮ ಪೂರ್ತಿ ಹೊಡೆತದ ಅರ್ಧದಷ್ಟು ಸಾಕು.

ಐದನೆಯದು ವಾಪಸ್ ಬರೋದು. ಹೊಡೆದ ಭಾರ ಮುಂದಿನ ಕಾಲಿಗೆ ಬರಬೇಕು, ಆ ಕಾಲಿನಿಂದಲೇ ನೆಟ್ ಕಡೆ ನಡೆಯಲು ಶುರು ಮಾಡಬೇಕು. ನಿಂತು ನಮ್ಮ ಹೊಡೆತ ನೋಡಿದರೆ ಬಂದೇಹಾ ಅರ್ಧ ಮಾತ್ರ ಆದಂತೆ. ವಿಡಿಯೋದಲ್ಲಿ ನಾನು ಪ್ರತಿ ಸಲ ನಿಂತು ನೋಡಿದ್ದೆ.

ಎಲ್ಲಿಗೆ ಹೊಡೆಯಬೇಕು? ಗೊಂದಲವಾದರೆ ಮೂಲೆಯಿಂದ ಮೂಲೆಗೆ, ಅಡ್ಡಡ್ಡ. 20 ಮತ್ತು 10 ಮೀಟರ್‌ನ ಕೋರ್ಟ್‌ನಲ್ಲಿ ಮೂಲೆಯಿಂದ ಮೂಲೆಗೆ 22.4 ಮೀಟರ್ ಸಿಗುತ್ತೆ, ನೇರಕ್ಕಿಂತ ಎರಡು ಮೀಟರ್‌ಗೂ ಹೆಚ್ಚು. ಚೆಂಡು ನೆಟ್‌ನ ತಗ್ಗಾದ ನಡುವಿನ ಮೇಲಿಂದ ದಾಟುತ್ತೆ. ದೂರ ಹೆಚ್ಚಿದ್ದಷ್ಟೂ ನಿಮಗೆ ವಾಪಸ್ ಬರಲು ಸಮಯ ಹೆಚ್ಚು.

ಅಕ್ಕನ ಅಡುಗೆಮನೆಯಲ್ಲಿ

ಎರಡನೇ ವಾರ ಅಕ್ಕನ ಮನೆಗೆ ಹೋದೆ. ಭಾವ ಮಂಡಿಗೆ ಬ್ಯಾಂಡೇಜ್ ಸುತ್ತಿಕೊಂಡು ಟಿವಿ ನೋಡ್ತಿದ್ದರು. ಕ್ಷಮೆ ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಕಡಿಮೆ. ಹಾಗಾಗಿ ನಾನು ಲೆಕ್ಕ ಹೇಳಿದೆ. 31ರಲ್ಲಿ 22.

"22 ಅಂತ ಎಣಿಸಿದೀಯಾ?" ಅಂದರು. ನಗು ತಡೆದುಕೊಂಡದ್ದು ಕಂಡಿತು. "ನನ್ನ ಲೆಕ್ಕದಲ್ಲಿ ಇನ್ನೂ ಜಾಸ್ತಿ ಇತ್ತು."

"ನೀವು ಯಾಕೆ ಮೊದಲೇ ಹೇಳಲಿಲ್ಲ ಭಾವ?"

"ಹೇಳಿದ್ರೆ ನೀನು ಕೇಳೋ ಹಾಗಿದ್ಯಾ? ಹೊಡೆಯುವಾಗ ನಿನ್ನ ಮುಖ ನೋಡಬೇಕು."

ಊಟಕ್ಕೆ ಕೂತಾಗ ಬಂದೇಹಾ ವಿಷಯ ತೆಗೆದೆ. ಹೆಸರಿನ ಅರ್ಥ ಹೇಳಿದೆ. ಅಕ್ಕ ಹುಳಿ ಬಡಿಸುತ್ತಿದ್ದಳು. ಭಾವ ಅವಳ ಕೈ ನೋಡಿ, "ಅಂದ್ರೆ ಬಡಿಯೋದಲ್ಲ, ಬಡಿಸೋದು" ಅಂದರು. ಬಡಿಸುವವರಿಗೆ ಎಲೆಯ ಮೇಲೆ ಎಷ್ಟು ಜಾಗ ಇದೆ ಅಂತ ಗೊತ್ತಿರಬೇಕು, ಪಕ್ಕದವರ ಎಲೆಗೆ ಚೆಲ್ಲಬಾರದು ಅಂತಾನೂ ಸೇರಿಸಿದರು. ಮೂರು ಕ್ಲಾಸ್‌ನಲ್ಲಿ ಕೋಚ್ ಹೇಳಿದ್ದು ನನಗೆ ಪೂರ್ತಿ ಹೊಕ್ಕಿದ್ದು ಆ ಮಾತಿನಿಂದ.

"ಮಂಡಿ ಸರಿ ಹೋಗಲಿ, ನೋಡೋಣ" ಅಂದರು. ಬರ್ತೀನಿ ಅನ್ನಲಿಲ್ಲ.

ಅಭ್ಯಾಸ ಹೀಗೆ ಮಾಡಿದೆ

ನಿಮಗೂ ಈ ತೊಂದರೆ ಇದ್ದರೆ, ನನಗೆ ಉಪಯೋಗವಾದ ಐದು ಅಭ್ಯಾಸ ಇವು. ಯಾವುದಕ್ಕೂ ದುಬಾರಿ ರಾಕೆಟ್ ಬೇಕಾಗಿಲ್ಲ.

ಒಂದು, ಚೆಂಡಿಲ್ಲದೆ. ಟೆರೇಸ್ ಮೇಲೆ ದಿನಾ ಇಪ್ಪತ್ತು ಸಲ: ತಿರುಗು, ರಾಕೆಟ್ ಮೇಲೆ, ಎರಡು ಅಡ್ಡ ಹೆಜ್ಜೆ, ಸವರು, ಮೂರು ಹೆಜ್ಜೆ ಮುಂದೆ. ಪಕ್ಕದ ಮನೆಯ ಆಂಟಿ ನೋಡ್ತಾರೆ, ಪರವಾಗಿಲ್ಲ.

ಎರಡು, ಎಡಗೈಯಲ್ಲಿ ಹಿಡಿಯೋದು. ಜೊತೆಯವರು ಕೈಯಿಂದ ಎತ್ತರಕ್ಕೆ ಚೆಂಡು ಎಸೆಯಲಿ. ನೀವು ಪಕ್ಕ ತಿರುಗಿ ಓಡಿ, ಕಣ್ಣಿನ ಮಟ್ಟದಲ್ಲಿ, ಮೈಗಿಂತ ಮುಂದೆ, ಎಡಗೈಯಲ್ಲಿ ಹಿಡಿಯಿರಿ. ಅಲ್ಲಿ ಹಿಡಿಯಲು ಆಗದಿದ್ದರೆ ಅಲ್ಲಿ ಹೊಡೆಯಲೂ ಆಗಲ್ಲ. ತಪ್ಪು ಕೈಯದ್ದಲ್ಲ, ಕಾಲಿನದು ಅಂತ ಕೂಡಲೇ ಗೊತ್ತಾಗುತ್ತೆ.

ಮೂರು, ಟವೆಲ್. ಹಿಂದಿನ ಗಾಜಿನಿಂದ ಎರಡು ಮೀಟರ್ ಮುಂದೆ, ಮೂಲೆಯ ಕಡೆ ಒಂದು ಟವೆಲ್ ಹಾಸಿ. ಹತ್ತು ಚೆಂಡು ಅದರ ಸುತ್ತಮುತ್ತ ಬೀಳಿಸಿ. ಆದರೆ ಮೊದಲನೇ ಪುಟ ನೋಡಿ ಖುಷಿಪಡಬೇಡಿ, ಎರಡನೇ ಪುಟ ನೋಡಿ. ಗಾಜಿಗೆ ತಾಗಿದ ಮೇಲೆ ಚೆಂಡು ಗಾಜಿನ ಹತ್ತಿರವೇ ಬಿದ್ದರೆ ಹೊಡೆತ ಸರಿ. ಮಧ್ಯಕ್ಕೆ ಬಂದರೆ ಜೋರು ಹೆಚ್ಚಾಯಿತು ಅಂತ ಅರ್ಥ.

ನಾಲ್ಕು, ಎಣಿಕೆ. ಒಬ್ಬರು ಹಿಂದಿನಿಂದ ಲಾಬ್ ಎತ್ತುತ್ತಾ ಹೋಗೋದು, ಇನ್ನೊಬ್ಬರು ಬಂದೇಹಾ ಮಾಡಿ ನೆಟ್‌ಗೆ ವಾಪಸ್ ಬರೋದು. ನಿಲ್ಲದೆ ಎಷ್ಟಾಗುತ್ತೆ ಎಣಿಸಿ. ಮೊದಲ ದಿನ ನನ್ನದು ಮೂರಕ್ಕೆ ನಿಂತಿತು. ಇದನ್ನು ನನ್ನ ಜೊತೆ ಮಾಡಿದವಳು ಅದೇ ಟೆಸ್ಟಿಂಗ್ ಗೆಳತಿ. ಅವಳಿಗೂ ಲಾಬ್ ಅಭ್ಯಾಸ ಆಯಿತು, ಅದು ಬೇರೆ ಕಷ್ಟ.

ಐದು, ಸ್ಮ್ಯಾಶ್ ನಿಷೇಧ. ಒಂದು ಇಡೀ ಸೆಟ್ ಸ್ಮ್ಯಾಶ್ ಮಾಡಿದವರಿಗೆ ಪಾಯಿಂಟ್ ಕಡಿತ. ಐದರಲ್ಲಿ ಇದೇ ಕಷ್ಟ.

ಒಂದು ಎಚ್ಚರಿಕೆ. ತಲೆಯ ಮೇಲಿನ ಯಾವ ಹೊಡೆತವಾದರೂ ಭುಜಕ್ಕೆ ಭಾರವೇ. ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಮುದುರಿ ಕೂತ ಭುಜಕ್ಕೆ ಇನ್ನೂ ಭಾರ. ಕೋರ್ಟ್‌ಗೆ ಇಳಿಯುವ ಮುಂಚೆ ಐದು ನಿಮಿಷ ಕೈ ತಿರುಗಿಸಿ, ಹಗ್ಗದಂಥ ರಬ್ಬರ್ ಬ್ಯಾಂಡ್ ಇದ್ದರೆ ಎಳೆಯಿರಿ. ನೋವು ಬಂದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಇನ್ನೊಂದು ಸೆಟ್ ಆಡಿ ನೋಡೋಣ ಅನ್ನಬೇಡಿ.

ಚಪ್ಪಾಳೆ ಸಿಗದ ಹೊಡೆತ

ಕಾಲು, ಕೈ, ಹಿಡಿತ ಎಲ್ಲ ನಾಲ್ಕು ವಾರದಲ್ಲಿ ಒಂದು ಮಟ್ಟಕ್ಕೆ ಬಂದವು. ಬರದೆ ಉಳಿದದ್ದು ಮನಸ್ಸು. ಚೆಂಡು ತಲೆ ಮೇಲೆ ತೇಲುತ್ತಾ ಬರುವಾಗ "ಇದೊಂದು ಹೊಡೆದುಬಿಡೋಣ" ಅಂತ ಒಳಗೆ ಯಾರೋ ಹೇಳ್ತಾರೆ. ಆಫೀಸ್‌ನಲ್ಲಿ ವಾರವಿಡೀ ಮೀಟಿಂಗ್‌ಗಳಲ್ಲಿ ತಲೆಯಾಡಿಸಿ, ಶನಿವಾರ ಒಂದಾದರೂ ಸದ್ದು ಮಾಡುವ ಆಸೆ ನನಗಿತ್ತು. ಸ್ಮ್ಯಾಶ್ ಹೊಡೆದರೆ ಪಕ್ಕದ ಕೋರ್ಟ್‌ನವರೂ ತಿರುಗಿ ನೋಡ್ತಾರೆ. ಬಂದೇಹಾ ಮಾಡಿದರೆ ಯಾರೂ ನೋಡಲ್ಲ.

ಅರ್ಜೆಂಟೀನಾದ ಫರ್ನಾಂಡೋ ಬೆಲಾಸ್ತೆಗಿನ್ ಸತತ 16 ವರ್ಷ ವಿಶ್ವದ ನಂಬರ್ ಒನ್ ಆಗಿದ್ದರು. ಅದರಲ್ಲಿ ಬಹುಪಾಲು ವರ್ಷ ಹುವಾನ್ ಮಾರ್ಟಿನ್ ಡಿಯಾಸ್ ಅವರ ಜೊತೆಯಲ್ಲೇ. 2024ರಲ್ಲಿ ನಿವೃತ್ತರಾದರು. ಅವರ ಹಳೇ ಪಂದ್ಯಗಳನ್ನು ರಾತ್ರಿ ಊಟದ ಹೊತ್ತಲ್ಲಿ ನೋಡತೊಡಗಿದೆ. ಮೊದಲು ಮುಗಿಸುವ ಹೊಡೆತಗಳನ್ನೇ ನೋಡ್ತಿದ್ದೆ. ಆಮೇಲೆ ಅದಕ್ಕೆ ಮುಂಚಿನ ಹೊಡೆತಗಳನ್ನು ನೋಡಲು ಕಲಿತೆ. ಒಂದು, ಎರಡು, ಮೂರು ಸಲ ತಲೆಯ ಮೇಲಿನ ಚೆಂಡನ್ನು ಸುಮ್ಮನೆ ಆಳಕ್ಕೆ ಕಳಿಸೋದು, ನೆಟ್‌ಗೆ ನಡೆದು ಬರೋದು. ಅವಸರವೇ ಇಲ್ಲ. ಎದುರಾಳಿಯ ಒಂದು ಲಾಬ್ ಗಿಡ್ಡವಾಗುವವರೆಗೆ ಕಾಯೋದು. ಆ ಗಿಡ್ಡ ಲಾಬ್ ಎಷ್ಟೋ ಸಲ ಬಿದ್ದದ್ದು ಜೊತೆಗಾರನ ಕಡೆಗೆ.

ನನಗೆ ಆಗ ಗೊತ್ತಾಯಿತು, ಬಂದೇಹಾದ ಫಲ ಹೆಚ್ಚಾಗಿ ಪಕ್ಕದವರ ಹೆಸರಿಗೆ ಹೋಗುತ್ತೆ. ಅದನ್ನು ಒಪ್ಪಿಕೊಳ್ಳದವರಿಗೆ ಈ ಹೊಡೆತ ಬರಲ್ಲ.

ಆರನೇ ಶನಿವಾರ

ಭಾವ ಬಂದರು. ಮಂಡಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, "ಒಂದು ಸೆಟ್ ಅಷ್ಟೇ" ಅಂತ ಅಕ್ಕನಿಗೆ ಮಾತು ಕೊಟ್ಟು ಬಂದಿದ್ದರು. ಕೋಚ್ ಹೇಳಿದಂತೆ ಒಂದು ಹೊಸ ನಿಯಮ ಮಾಡಿಕೊಂಡೆವು. ಲಾಬ್ ಎದ್ದ ಕೂಡಲೇ ಯಾರು ತಗೋತಾರೆ ಅಂತ ಜೋರಾಗಿ ಹೇಳೋದು: "ನಂದು", "ನಿಮ್ದು", "ಬಿಡು". ಒಂದು ವರ್ಷ ಜೊತೆಯಾಗಿ ಆಡಿದರೂ ನಾವು ಕೋರ್ಟ್‌ನೊಳಗೆ ಮಾತಾಡಿಕೊಂಡೇ ಇರಲಿಲ್ಲ.

ಐದು-ಐದು ಗೇಮ್ ಆಗಿತ್ತು. ಗೆಳತಿ ಲಾಬ್ ಎತ್ತಿದಳು. ನನ್ನ ಎಡ ಭುಜ ತಾನಾಗೇ ತಿರುಗಿತು. "ನಂದು" ಅಂದೆ. ಸವರಿ ಅವಳ ಮೂಲೆಗೆ ಕಳಿಸಿದೆ, ನೆಟ್‌ಗೆ ಬಂದೆ. ಬರುವಾಗ ಪಕ್ಕಕ್ಕೆ ನೋಡಿದೆ, ಭಾವ ಅಲ್ಲೇ ಇದ್ದರು, ರಾಕೆಟ್ ಎದೆಯ ಮುಂದೆ. ಮತ್ತೆ ಲಾಬ್. ಮತ್ತೆ ಕಳಿಸಿದೆ. ಮೂರನೆಯದಕ್ಕೆ ಅವಳು ಗಾಜಿಗೆ ಅಂಟಿಕೊಂಡು ಬಗ್ಗಿ ಎತ್ತಬೇಕಾಯಿತು. ನಾಲ್ಕನೆಯದು ಸರಿಯಾಗಿ ಮೇಲೇಳಲಿಲ್ಲ. ಭಾವ ಒಂದು ಹೆಜ್ಜೆ ಮುಂದಿಟ್ಟು ಇಬ್ಬರ ನಡುವೆ ಮೆಲ್ಲಗೆ ತಳ್ಳಿದರು. ಪಾಯಿಂಟ್.

ಪಕ್ಕದ ಕೋರ್ಟ್‌ನಿಂದ ಯಾರೋ "ಸೂಪರ್ ಅಂಕಲ್" ಅಂದರು. ಭಾವ ಅವರ ಕಡೆ ಕೈ ಎತ್ತಿ, ನನ್ನ ಕಡೆ ತಿರುಗಿ ಹೇಳಿದರು: "ಇನ್ನೊಂದು ಬಡಿಸು."

ಆ ಸೆಟ್ಟನ್ನು ಟೈಬ್ರೇಕ್‌ನಲ್ಲಿ ಸೋತೆವು. ರಾತ್ರಿ ವಿಡಿಯೋ ನೋಡಿ ಎಣಿಸಿದೆ. ತಲೆಯ ಮೇಲಿನ ಚೆಂಡು 14. ಸ್ಮ್ಯಾಶ್ 2, ಎರಡೂ ನೆಟ್ ಹತ್ತಿರದಿಂದ. ಬಿಟ್ಟದ್ದು 3. ಬಂದೇಹಾ 9, ಅದರಲ್ಲಿ ಒಂದು ನೆಟ್‌ಗೆ. ಬಂದೇಹಾದಿಂದ ನೇರವಾಗಿ ಬಂದ ಪಾಯಿಂಟ್ ಸೊನ್ನೆ. ಆದರೆ ಭಾವನ ಮೇಲೆ ಜೋರಾಗಿ ಬಂದ ಚೆಂಡೂ ಸೊನ್ನೆ.

ಆಟ ಮುಗಿದ ಮೇಲೆ ಎಂದಿನ ಹೋಟೆಲ್ಲಿಗೆ ಹೋಗಿದ್ದೆವು. ಸಪ್ಲೈಯರ್ ಎತ್ತಿದ ಕೈಯಲ್ಲಿ ಟ್ರೇ ಹಿಡಿದು, ಕುರ್ಚಿಗಳ ನಡುವೆ ಪಕ್ಕಕ್ಕೆ ತಿರುಗಿ, ಅಡ್ಡ ಹೆಜ್ಜೆ ಹಾಕಿಕೊಂಡು ಬಂದ. ನಾವಿಬ್ಬರೂ ಒಟ್ಟಿಗೇ ಅವನ ಮೊಣಕೈ ನೋಡಿದೆವು. ಒಂದು ಹನಿ ಚೆಲ್ಲಲಿಲ್ಲ.

ವಿಡಿಯೋ ಮುಚ್ಚುವ ಹೊತ್ತಿಗೆ ಫೋನ್‌ಗೆ ಭಾವನ ಮೆಸೇಜ್ ಬಂತು. ಇಷ್ಟು ದಿನ ಕೋರ್ಟ್ ಬುಕ್ ಮಾಡ್ತಿದ್ದದ್ದು ನಾನು. "ಮುಂದಿನ ಶನಿವಾರ ಆರೂವರೆ. ನಾನೇ ಬುಕ್ ಮಾಡಿದೀನಿ. ಅಕ್ಕನಿಗೆ ಒಂದೇ ಸೆಟ್ ಅಂತ ಹೇಳು."